ಸೆರಗಿನ ಗಂಟಿನಲ್ಲಿ ಫ್ಯೂಜು

ಮೂವತ್ತು ವರ್ಷದಿಂದ ಪುಣೆಯಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದೇನೆ. ಮೂವತ್ತು ವರ್ಷದಿಂದಲೂ ಕರೆಂಟಿಗೆ ಅಂಜುತ್ತಿದ್ದೇನೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಂಜದ ಕೆಲಸಗಾರರನ್ನು ಬೇಕಾದಷ್ಟು ಕಂಡಿದ್ದೇನೆ. ತಂತಿಯನ್ನು ಹಲ್ಲಿನಿಂದ ಕಚ್ಚಿ ಸುಲಿಯುವವರು, ಮೇನ್ ತೆಗೆಯದೆ ಕೈ ಹಾಕಿ "ಏನಾಗ್ತದ ಬಿಡ್ರಿ" ಎಂದು ನಗುವವರು. ಅಂಥವರು ಹತ್ತಿದ ಏಣಿಯನ್ನು ನಾನು ಹಿಡಿದುಕೊಳ್ಳುವುದೂ ಇಲ್ಲ. ಟೆಸ್ಟರಿನ ದೀಪ ಹತ್ತಲಿಲ್ಲ ಎಂದರೆ ನನಗೆ ಸಮಾಧಾನವಾಗುವುದಿಲ್ಲ. ಟೆಸ್ಟರೇ ಕೆಟ್ಟಿದ್ದರೆ? ಬೇರೆ ಪ್ಲಗ್ಗಿನಲ್ಲಿ ಚುಚ್ಚಿ, ಅಲ್ಲಿ ಹತ್ತಿದ್ದನ್ನು ನೋಡಿ, ಮತ್ತೆ ಬಂದು ಇಲ್ಲಿ ಚುಚ್ಚುತ್ತೇನೆ. ಗಿರಾಕಿಗಳು ಗಡಿಯಾರ ನೋಡುತ್ತಾರೆ. ನೋಡಲಿ.

ನನ್ನ ಹೊಟ್ಟೆಪಾಡು ಹೆಚ್ಚಾಗಿ ನೀರಿನ ಟಾಕಿಗಳದ್ದು. ಈ ಊರಿನಲ್ಲಿ ನೀರು ತನಗೆ ಬೇಕಾದ ಹೊತ್ತಿಗೆ ಬರುತ್ತದೆ, ಬಂದದ್ದನ್ನು ನೆಲದೊಳಗಿನ ಟಾಕಿಯಲ್ಲಿ ಹಿಡಿದಿಟ್ಟು, ಪಂಪಿನಿಂದ ಮೇಲಿನ ಟಾಕಿಗೆ ಏರಿಸಬೇಕು. ಪಂಪನ್ನು ಹಚ್ಚಿ ಆರಿಸುವುದನ್ನು ಮನುಷ್ಯರಿಗೆ ಬಿಟ್ಟರೆ ಒಂದೋ ಮೇಲಿನಿಂದ ನೀರು ಸುರಿದು ಗೋಡೆ ಹಾಳಾಗುತ್ತದೆ, ಇಲ್ಲವೇ ಕೆಳಗೆ ನೀರಿಲ್ಲದೆ ಪಂಪು ಸುಡುತ್ತದೆ. ಅದಕ್ಕೇ ಫ್ಲೋಟು. ಮುಷ್ಟಿಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ಕಿನ ಡಬ್ಬಿ, ಅದರ ಬಾಲಕ್ಕೊಂದು ಕೇಬಲ್ಲು. ನೀರು ಏರಿದರೆ ತೇಲಿ ಮೇಲೆ ಮುಖ ಮಾಡುತ್ತದೆ, ಇಳಿದರೆ ಜೋತುಬೀಳುತ್ತದೆ, ಅಷ್ಟಕ್ಕೇ ಒಳಗಿನ ಸ್ವಿಚ್ಚು ಕೂಡುತ್ತದೆ ಅಥವಾ ಬಿಡುತ್ತದೆ. ಮೇಲಿನ ಫ್ಲೋಟು "ನೀರು ಬೇಕು" ಅನ್ನಬೇಕು, ಕೆಳಗಿನದು "ನೀರು ಇದೆ" ಅನ್ನಬೇಕು; ಎರಡೂ ಹೂಂ ಅಂದರೆ ಮಾತ್ರ ಪಂಪು ತಿರುಗುತ್ತದೆ. ಮದುವೆಯ ಮಾತುಕತೆಯೂ ಇಷ್ಟು ಸರಳವಾಗಿರುವುದಿಲ್ಲ ಎಂದು ನಾನು ಗಿರಾಕಿಗಳಿಗೆ ಹೇಳುವುದುಂಟು.

ಆದರೆ ಆ ಡಬ್ಬಿಯೊಳಗೆ ಓಡುವುದೂ ಕರೆಂಟೇ, ಅದು ತೇಲುವುದು ನೀರಿನಲ್ಲಿ. ಈ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳಲು ಇವತ್ತಿಗೂ ನನಗೆ ಅಂಜಿಕೆ. ಅದಕ್ಕಾಗಿ ನನ್ನದೊಂದು ಕಟ್ಟುನಿಟ್ಟು ಇದೆ. ಯಾರೇ ಟಾಕಿಗೆ ಇಳಿಯಲಿ, ಮೊದಲು ಪಂಪಿನ ಫ್ಯೂಜು ಕಿತ್ತು ಇಳಿಯುವವರ ಕೈಗೇ ಕೊಡುತ್ತೇನೆ. ಸ್ವಿಚ್ಚು ಆರಿಸಿದರೆ ಯಾರಾದರೂ ಬಂದು ಹಚ್ಚಿಯಾರು. ಫ್ಯೂಜೇ ಕೈಯಲ್ಲಿದ್ದರೆ ಹಚ್ಚುವುದು ಹೇಗೆ? ಫ್ಯೂಜು ಯಾರ ಕಿಸೆಯಲ್ಲೋ ಅವರ ಜೀವ ಅವರ ಕಿಸೆಯಲ್ಲಿ. ಈ ಪಾಠವನ್ನು ನಾನು ನಮ್ಮ ಬಿಲ್ಡಿಂಗಿನ ಎಂಟೂ ಮನೆಯವರಿಗೆ ಬಾಯಿಪಾಠ ಮಾಡಿಸಿದ್ದೆ.

ನನ್ನ ಬಾಯಿ ಸ್ವಲ್ಪ ಕೆಟ್ಟದ್ದು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಬೇರೆಯವರು ಅಡ್ಡದಾರಿಯಲ್ಲಿ ಎಳೆದ ತಂತಿ ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. ಮನೆಯವರ ಎದುರೇ ಆ ಕೆಲಸಗಾರನ ಜನ್ಮ ಜಾಲಾಡಿಸುತ್ತೇನೆ.

ನಮ್ಮ ಬಿಲ್ಡಿಂಗು ಇರುವುದು ಹಡಪಸರದ ಹಿಂದಿನ ಒಂದು ಓಣಿಯಲ್ಲಿ. ಅಲ್ಲಿನ ನೆಲದ ಟಾಕಿಯನ್ನು ತೊಳೆಯುವುದು ನನ್ನ ಹೆಂಡತಿ. ಕೂಲಿಯವರನ್ನು ಕರೆಯೋಣವೆಂದರೆ ಅವಳು ಒಪ್ಪುವುದಿಲ್ಲ. "ಮಂದಿ ಕಾಲಿಟ್ಟ ನೀರ ನಾ ಕುಡಿಯಂಗಿಲ್ಲ" ಎನ್ನುತ್ತಾಳೆ. ಅವಳ ಕಾಲೂ ಕಾಲೇ ಅಲ್ಲವೇ ಎಂದು ಒಮ್ಮೆ ಕೇಳಿದ್ದೆ. ಅವತ್ತು ಮಧ್ಯಾಹ್ನ ಊಟಕ್ಕೆ ಬರೀ ರೊಟ್ಟಿ ಸಿಕ್ಕಿತು, ಪಲ್ಯ ಸಿಗಲಿಲ್ಲ. ಟಾಕಿಯ ಬಾಯಿ ಸಣ್ಣದು, ಅವಳೂ ಸಣ್ಣ ಆಳು. ವರ್ಷಕ್ಕೊಮ್ಮೆ ಅಥಣಿ ಕಡೆಯಿಂದ ನಮ್ಮ ಬೀಗರು ಬಂಧುಗಳು ಮನೆದೇವರ ದರ್ಶನಕ್ಕೆ ಜೇಜುರಿಗೆ ಬರುವಾಗ ನಮ್ಮಲ್ಲೇ ಇಳಿಯುತ್ತಾರೆ. ಹನ್ನೆರಡು ಹದಿನೈದು ಜನ. ಅವರು ಬರುವ ಮುಂಚೆ ಟಾಕಿ ತೊಳೆಯಲೇಬೇಕು, ಇಲ್ಲದಿದ್ದರೆ ದೇವರ ಕೆಲಸಕ್ಕೆ ಬಂದವರಿಗೆ ಪಾಚಿ ನೀರು ಕುಡಿಸಿದ ಪಾಪ ಅವಳಿಗೆ ಬರುತ್ತದಂತೆ.

ಹೋದ ವರ್ಷವೂ ಹಾಗೇ ಆಯಿತು. ಹಿಂದಿನ ದಿನವೇ ಟಾಕಿ ಖಾಲಿ ಮಾಡಿದ್ದೆವು, ತಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಬೆಳಿಗ್ಗೆ ನಾನು ಸಾಸವಡಕ್ಕೆ ಕೆಲಸಕ್ಕೆ ಹೊರಟೆ. ಹೊರಡುವ ಮೊದಲು ಫ್ಯೂಜು ಕಿತ್ತು ಅವಳ ಅಂಗೈಯಲ್ಲಿಟ್ಟೆ. ಅವಳು ಎಂದಿನಂತೆ ಸೆರಗಿನ ತುದಿಯಲ್ಲಿ ಅದನ್ನಿಟ್ಟು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏಣಿ ಕಬ್ಬಿಣದ್ದದ, ಹಗೂರ ಇಳಿ," ಅಂದೆ.

"ಇದು ನನ್ನ ಸೆರಗಿನಾಗ ಇರೂತನಕ ನನಗೇನ ಆಗ್ತದ? ನೀವ ಹೋಗ್ರಿ, ಹತ್ತೂವರಿಗೆ ಇಳೀತೀನಿ," ಅಂದಳು.

ಸಾಸವಡದಲ್ಲಿ ಸೀತಾಫಲದ ತೋಟದ ಮಾಲೀಕರೊಬ್ಬರು ಹಣ್ಣು ತೊಳೆಯಲು ಎರಡು ಟಾಕಿ ಕಟ್ಟಿಸಿದ್ದರು. ಒಂದು ನೆಲದಲ್ಲಿ, ಒಂದು ಅಟ್ಟದ ಮೇಲೆ. ನಮ್ಮ ಮನೆಯದ್ದೇ ತರಹ. ಎರಡು ಫ್ಲೋಟು ಇಳಿಬಿಟ್ಟು, ಕೇಬಲ್ಲು ಸ್ಟಾರ್ಟರಿನವರೆಗೆ ತಂದೆ. ಫ್ಲೋಟುಗಳಿಗೆ ಕೊಡುವ ತಂತಿಯನ್ನು ಪಂಪಿನ ಫ್ಯೂಜಿನ ಕಡೆಯಿಂದಲೇ ಎಳೆಯಬೇಕು, ಅದು ಗೋಡೆಯ ಆಚೆ ಬದಿಗಿತ್ತು. ಗೋಡೆ ಕೊರೆದು ಪೈಪು ಹಾಕಲು ಒಂದು ತಾಸು ಬೇಕು ಎಂದೆ. ಮಾಲೀಕರಿಗೆ ಅವಸರ. ತಲೆಯ ಮೇಲೆ ಉರಿಯುತ್ತಿದ್ದ ಬಲ್ಬಿನ ತಂತಿ ತೋರಿಸಿ, "ಭಾವು, ಇಥೂನಚ್ ಘ್ಯಾ ನಾ" ಎಂದರು. ಇಲ್ಲಿಂದಲೇ ತಗೊಳ್ಳಿರಲ್ಲ.

ನನಗೆ ಸಿಟ್ಟು ಬಂತು. ಸ್ಕ್ರೂಡ್ರೈವರ್ ಕೆಳಗಿಟ್ಟು ಮರಾಠಿಯಲ್ಲಿ ಶುರು ಮಾಡಿದೆ. ಬಲ್ಬಿನ ಲೈನಿನಿಂದ ಫ್ಲೋಟಿಗೆ ಕರೆಂಟು ಕೊಟ್ಟರೆ ಏನಾಗುತ್ತದೆ ಗೊತ್ತೇ? ನಾಳೆ ನಿಮ್ಮ ಆಳು ಟಾಕಿ ತೊಳೆಯಲು ಇಳಿಯುತ್ತಾನೆ. ಪಂಪಿನ ಫ್ಯೂಜು ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳುತ್ತಾನೆ. ಎಲ್ಲಾ ಆರಿದೆ ಎಂದು ನಂಬಿ ಇಳಿಯುತ್ತಾನೆ. ಪಂಪು ಸತ್ತಿರುತ್ತದೆ, ಫ್ಲೋಟು ಬದುಕಿರುತ್ತದೆ. ಅವನ ಕಾಲು ನೀರಿನಲ್ಲಿ, ಕೈ ಫ್ಲೋಟಿನ ಕೇಬಲ್ಲಿನ ಮೇಲೆ. ಇಂಥ ಕೆಲಸ ಮಾಡುವವನನ್ನು...

ಮಾತು ಅಲ್ಲಿಗೆ ನಿಂತಿತು. ಅಂಥ ಕೆಲಸ ಮಾಡಿದವನು ನಾನೇ.

ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಬಿಲ್ಡಿಂಗಿನಲ್ಲಿ ನೀರು ಬಂದ ಹೊತ್ತಿಗೆ ಪಂಪು ಹೊರಡಲಿಲ್ಲ. ಫ್ಯೂಜಿನಿಂದ ಫ್ಲೋಟಿಗೆ ಹೋಗುವ ತಂತಿ ಗೋಡೆಯೊಳಗೆಲ್ಲೋ ಕಡಿದಿತ್ತು. ಮೇಲಿನ ಮನೆಗಳಿಂದ ಎಲ್ಲರೂ "ಪಾಣೀ ನಾಹೀ" ಎಂದು ಕೂಗುತ್ತಿದ್ದರು. ಮೆಟ್ಟಿಲ ದೀಪದ ಲೈನಿನ ಡಬ್ಬಿ ಸ್ಟಾರ್ಟರಿನ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ ಇತ್ತು. ಅದರಿಂದ ಒಂದು ತಂತಿ ತೆಗೆದು ಫ್ಲೋಟಿಗೆ ಕೊಟ್ಟೆ. ಒಂದು ವಾರದ ಮಟ್ಟಿಗೆ, ಬಿಡುವಾದಾಗ ಸರಿ ಮಾಡಿದರಾಯಿತು ಎಂದುಕೊಂಡೆ. ಪಂಪು ತಿರುಗಿತು, ಕೂಗು ನಿಂತಿತು. ಕೆಟ್ಟ ತಂತಿ ನೆನಪಿನಲ್ಲಿ ಉಳಿಯುತ್ತದೆ, ಕೆಲಸ ಮಾಡುವ ತಂತಿ ಮರೆತುಹೋಗುತ್ತದೆ. ಅಷ್ಟೇ ಅಲ್ಲ, ಅದೇ ದಿನ ಕೆಳಗಿನ ಫ್ಲೋಟಿನ ಕೇಬಲ್ಲು ಸಾಲದೆ ಟಾಕಿಯ ಬಾಯಿಯ ಒಳಗೇ ಒಂದು ಜಾಯಿಂಟು ಹಾಕಿ, ಟೇಪು ಸುತ್ತಿ, ಮೊಳೆಗೆ ತೂಗುಹಾಕಿದ್ದೆ. ಅದರ ನಂತರ ಟಾಕಿ ತೊಳೆಯುತ್ತಿರುವುದು ಇದೇ ಮೊದಲು. ನೆನಪಾದದ್ದು ಸಾಸವಡದಲ್ಲಿ, ಇನ್ನೊಬ್ಬರಿಗೆ ಬೈಯುವಾಗ.

ಗಡಿಯಾರ ನೋಡಿದೆ. ಹತ್ತೂವರೆ ದಾಟಿತ್ತು.

ಹೆಂಡತಿಗೆ ಫೋನು ಹಚ್ಚಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಟಾಕಿಯಲ್ಲಿದ್ದವಳು ಫೋನು ಹೇಗೆ ಎತ್ತುತ್ತಾಳೆ? ಅದು ಅಡುಗೆ ಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಇರುತ್ತದೆ. ಮತ್ತೆ ಹಚ್ಚಿದೆ. ಅವಸರದಲ್ಲಿ ಬೇರೆ ಯಾರಿಗೋ ಹೋಯಿತು. ಆ ಹೊತ್ತಿನಲ್ಲಿ ಬಿಲ್ಡಿಂಗಿನಲ್ಲಿ ಯಾರಿರುತ್ತಾರೆ? ಗಂಡಸರು ಕೆಲಸಕ್ಕೆ, ಹೆಂಗಸರು ಕೆಲಸಕ್ಕೆ. ಮೂರನೇ ಮಹಡಿಯಲ್ಲಿ ಮೈಸೂರು ಕಡೆಯ ಎಳೆಯ ಗಂಡಹೆಂಡತಿ ಇದ್ದಾರೆ, ಇಬ್ಬರೂ ಕಂಪ್ಯೂಟರಿನವರು. ಗಂಡ ವಿಮಾನ ನಗರದ ಆಫೀಸಿಗೆ ಹೋಗುತ್ತಾನೆ, ಹೆಂಡತಿ ಮನೆಯಲ್ಲೇ ಕೂತು ಕೆಲಸ ಮಾಡುತ್ತಾಳೆ. ಆ ಹುಡುಗಿಯ ನಂಬರು ನನ್ನಲ್ಲಿರಲಿಲ್ಲ. ಗಂಡನಿಗೆ ಹಚ್ಚಿದೆ.

"ಅಂಕಲ್, ಮೀಟಿಂಗಲ್ಲಿದೀನಿ. ಫೈವ್ ಮಿನಿಟ್ಸ್ ಬಿಟ್ಟು ಮಾಡ್ಲಾ?"

"ಬ್ಯಾಡ! ಫೋನ್ ಇಡಬ್ಯಾಡ್ರಿ! ನಿಮ್ಮ ಮನಿಯವರಿಗೆ ಹೇಳ್ರಿ, ಈಗಿಂದೀಗ ಇಡೀ ಬಿಲ್ಡಿಂಗಿನ ಮೇನ್ ತಗೀಲಿ. ಮೆಟ್ಟಿಲ ಕೆಳಗ ಅದ, ಕೆಂಪು ಹಿಡಿಕಿದು, ಕೆಳಗ ಎಳೀಬೇಕು. ಅದನ್ನ ಎಳಿಯೂತನಕ ಟಾಕಿ ಹತ್ರ ಹೋಗಬಾರದು. ಒಳಗ ಇದ್ದವರನ್ನ ಮುಟ್ಟಬಾರದು. ಏನ ಕಂಡ್ರೂ ಮುಟ್ಟಬಾರದು."

"ಅಂಕಲ್, ಏನಾಗಿದೆ?"

ನನ್ನ ಹೆಂಡತಿಯನ್ನು ನೀರಿಗಿಳಿಸಿ ಅದೇ ನೀರಿಗೆ ನಾನೇ ಕರೆಂಟು ಬಿಟ್ಟಿದ್ದೇನೆ ಎಂದು ಹೇಳಲು ನಾಲಿಗೆ ಏಳಲಿಲ್ಲ. "ಇನ್ನೂ ಏನೂ ಆಗಿಲ್ಲ," ಎಂದೆ. ಆ "ಇನ್ನೂ" ಎಂಬ ಮಾತು ನನ್ನ ಕಿವಿಗೇ ಬಿತ್ತು.

"ಅವಳು ಆಫೀಸ್ ಕಾಲ್‌ನಲ್ಲಿ ಇರ್ತಾಳೆ, ಹೆಡ್‌ಫೋನ್ ಹಾಕ್ಕೊಂಡಿರ್ತಾಳೆ. ಪಿಕ್ ಮಾಡೋವರೆಗೂ ಟ್ರೈ ಮಾಡ್ತೀನಿ ಅಂಕಲ್, ಪ್ರಾಮಿಸ್," ಅಂದ ಆ ಹುಡುಗ.

ಸಾಮಾನು ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದೆ. ತೋಟದ ಮಾಲೀಕರು ಹಿಂದಿನಿಂದ ಏನೋ ಕೇಳುತ್ತಿದ್ದರು, ತಿರುಗಿ ನೋಡಲಿಲ್ಲ.

ಸಾಸವಡದಿಂದ ಹಡಪಸರಕ್ಕೆ ದಿವೇ ಘಾಟು ಇಳಿದು ಬರಬೇಕು. ಆಷಾಢದ ಯಾತ್ರೆಯ ಪಾಲಕಿ ಹೋಗುವ ದಿನ ಲಕ್ಷಗಟ್ಟಲೆ ಜನ ಹಾಡುತ್ತಾ ಹತ್ತುವ ಘಾಟು. ಅವತ್ತು ನನ್ನ ಮುಂದೆ ಇಟ್ಟಂಗಿ ತುಂಬಿದ ಒಂದು ಟ್ರಕ್ಕು, ಅದರ ಮುಂದೆ ಇನ್ನೊಂದು. ಹಾರ್ನು ಹಾಕಿದೆ, ಬೈದೆ, ಆಮೇಲೆ ಬೈಯಲೂ ಹೆದರಿಕೆಯಾಯಿತು. ಬೈದದ್ದೆಲ್ಲ ನನಗೇ ತಿರುಗಿ ಬಂದಿತ್ತಲ್ಲ. ಮನೆದೇವರನ್ನು ಕರೆಯೋಣವೆಂದು "ಏಳುಕೋಟಿ" ಎಂದು ಬಾಯಿ ತೆರೆದೆ, ಬಾಯಿಂದ ಬಂದದ್ದು "ಮುಟ್ಟಬ್ಯಾಡ" ಎಂಬ ಮಾತು. ಮುಟ್ಟಬ್ಯಾಡ, ಮುಟ್ಟಬ್ಯಾಡ ಎನ್ನುತ್ತಲೇ ಆ ತಿರುವುಗಳನ್ನೆಲ್ಲ ಇಳಿದೆ.

ಅವಳು ಹೇಗೆ ತೊಳೆಯುತ್ತಾಳೆ ಎಂಬುದು ನನಗೆ ಪೂರಾ ಗೊತ್ತು. ಮೊದಲು ನೆಲ, ಆಮೇಲೆ ಮೂರು ಗೋಡೆ. ಫ್ಲೋಟು ಇಳಿಬಿಟ್ಟ ಗೋಡೆಯನ್ನು ಕಡೆಗೆ ಇಟ್ಟುಕೊಳ್ಳುತ್ತಾಳೆ, ಏಕೆಂದರೆ ಆ ಡಬ್ಬಿಯನ್ನು ಎತ್ತಿ ಬದಿಗಿಟ್ಟು ಅದರ ಹಿಂದಿನ ಪಾಚಿ ತಿಕ್ಕಬೇಕು. ಕಡೆಗೆ, ಕಡೆಗೆ ಎಂದು ನನಗೆ ನಾನೇ ಹೇಳಿಕೊಂಡೆ. ನೆಲಕ್ಕೆ ಹತ್ತು ನಿಮಿಷ. ಗೋಡೆಗೆ ಐದರಂತೆ ಮೂರಕ್ಕೆ ಹದಿನೈದು. ಈ ಸಲ ಬೀಗರಿಗಾಗಿ ಚೆನ್ನಾಗಿ ತಿಕ್ಕಿದರೆ ಇನ್ನೂ ಐದು. ಜೀವನದಲ್ಲಿ ಮೊದಲ ಸಲ ಅವಳು ಕೆಲಸದಲ್ಲಿ ಸೋಮಾರಿಯಾಗಲಿ ಎಂದು ಹರಕೆ ಹೊತ್ತೆ.

ಘಾಟಿನ ನಡುವೆ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ಸ್ಕೂಟರ್ ನಿಲ್ಲಿಸಬಹುದಿತ್ತು, ಬದಿಗೆ ಜಾಗವಿತ್ತು. ನಿಲ್ಲಿಸಲಿಲ್ಲ. ಅವಸರಕ್ಕಲ್ಲ. ಯಾರಾದರೂ ಸುದ್ದಿ ಹೇಳಿಬಿಟ್ಟರೆ ಎಂಬ ಹೆದರಿಕೆಗೆ. ಫೋನು ಎತ್ತುವವರೆಗೆ ಅವಳು ಬದುಕಿದ್ದಾಳೆ ಎಂದು ನನಗೆ ನಾನೇ ಲೆಕ್ಕ ಹಾಕಿಕೊಂಡೆ. ಅದು ಮೂರು ಸಲ ಹೊಡೆದುಕೊಂಡಿತು. ಮೂರು ಸಲವೂ ಎತ್ತಲಿಲ್ಲ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಓಣಿಗೆ ಬಂದಾಗ ಬಿಲ್ಡಿಂಗು ಸುಮ್ಮನಿತ್ತು. ಫ್ಯಾನಿನ ಸದ್ದಿಲ್ಲ, ಟಿವಿಯಿಲ್ಲ, ಮಿಕ್ಸರ್ ಇಲ್ಲ. ಮೆಟ್ಟಿಲ ಕೆಳಗೆ ಕತ್ತಲು. ಮೇನ್ ಯಾರೋ ಎಳೆದಿದ್ದಾರೆ. ಆದರೆ ಯಾವಾಗ ಎಳೆದರು, ಮುಂಚೆಯೋ ಆಮೇಲೋ? ಟಾಕಿಯ ಮುಚ್ಚಳ ತೆರೆದಿತ್ತು, ಪಕ್ಕದಲ್ಲಿ ಅವಳ ಚಪ್ಪಲಿ. ಬಗ್ಗಿ ನೋಡಿದೆ. ಬಕೆಟ್ಟು, ಬ್ರಷ್ಷು, ಪಾದದಷ್ಟು ಕಪ್ಪು ನೀರು. ಅವಳಿಲ್ಲ. ಆಸ್ಪತ್ರೆಗೆ ಒಯ್ದಿದ್ದಾರೆ ಅಂದುಕೊಂಡೆ. ಅಲ್ಲೇ ಕುಸಿದು ಕೂತೆ.

"ಏನ ಹುಚ್ಚ ಹಿಡದದೇನ್ರಿ ನಿಮಗ? ಫೋನ ಹಚ್ಚಿ ಹಚ್ಚಿ ಸಾಕಾತು. ಎಲ್ಲಾರ ಮನಿ ಕರೆಂಟ್ ತಗಸೀರಿ, ಎತ್ತಿ ಮಾತಾಡಾಕ ಆಗೂದಿಲ್ಲಾ?"

ಮೆಟ್ಟಿಲ ಮೇಲೆ ಕೂತಿದ್ದಳು. ಮೊಣಕಾಲಿನವರೆಗೆ ಸೀರೆ ಒದ್ದೆ, ಹಣೆಯ ಮೇಲೆ ಪಾಚಿ. ಪಕ್ಕದಲ್ಲಿ ಮೂರನೇ ಮಹಡಿಯ ಹುಡುಗಿ, ಹೆಡ್‌ಫೋನು ಕೊರಳಿಗೆ ಇಳಿದಿತ್ತು, ಬರಿಗಾಲು. ಆ ಮೂರು ಫೋನುಗಳೂ ಆ ಹುಡುಗಿಯ ಫೋನಿನಿಂದ ನನ್ನ ಹೆಂಡತಿಯೇ ಮಾಡಿದ್ದು. ನಾನು ಅಳತೊಡಗಿದೆ. ಇಬ್ಬರ ಎದುರು, ಗಂಡಸು, ಮೂಗು ಒರೆಸಿಕೊಳ್ಳಲೂ ತೋಚದೆ ಅತ್ತೆ. ಹುಡುಗಿ ಮೆಲ್ಲಗೆ ಮೇಲೆ ಹೋದಳು.

ಆಮೇಲೆ ಹೆಂಡತಿ ನಡೆದದ್ದನ್ನು ಹೇಳಿದಳು, ದೊಡ್ಡ ವಿಷಯವೇ ಅಲ್ಲವೆಂಬಂತೆ. ಮೂರು ಗೋಡೆ ಮುಗಿದಿದ್ದವು. ಫ್ಲೋಟಿಗೆ ಕೈ ಹಾಕಿದಳು.

"ಎಡಗೈ ಮೊಣಕೈತನಕ ಜುಮ್ ಅಂತು. ತಿಕ್ಕಿ ತಿಕ್ಕಿ ಕೈ ಜೋಮು ಹಿಡದದ ಅಂತ ಸ್ವಲ್ಪ ಝಾಡಿಸಿದೆ. ಮತ್ತ ಹಿಡದೆ. ಮತ್ತ ಜುಮ್ ಅಂತು. ಮೂರನೇ ಸಲ ಎರಡೂ ಕೈಲಿ ಎತ್ತಬೇಕು ಅನ್ನೂದರಾಗ ಆ ಹುಡುಗಿ ಮೇನ್ ಎಳದು ಮ್ಯಾಲಿಂದ ಚೀರಿದ್ಳು."

"ಮೊದಲನೇ ಸಲಾನ ಯಾಕ ಹೊರಗ ಬರಲಿಲ್ಲ?" ಎಂದೆ.

"ಯಾಕ ಬರಬೇಕು? ಫ್ಯೂಜ್ ನನ್ನ ಸೆರಗಿನಾಗ ಇತ್ತಲ್ಲ."

ಆಗ ಹೇಳಿದೆ. ಮೆಟ್ಟಿಲ ದೀಪದ ತಂತಿ, ಒಂದು ವಾರದ ಮಟ್ಟಿಗೆ ಎಂದದ್ದು, ಟೇಪು ಸುತ್ತಿದ ಜಾಯಿಂಟು, ಎಲ್ಲವನ್ನೂ. ಮುಚ್ಚಿಡಬಹುದಿತ್ತು, ಹಳೇ ಕೇಬಲ್ಲು ಸೋರಿತ್ತು ಎಂದರೆ ನಂಬುತ್ತಿದ್ದಳು. ಆದರೆ ಅವಳ ನಂಬಿಕೆಯನ್ನು ಕಂಡೇ ನನಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆಯಾಗಿತ್ತು.

ಅವಳು ಬೈಯಲಿಲ್ಲ. ಸೊಂಟದಿಂದ ಸೆರಗು ತೆಗೆದು ಗಂಟು ಬಿಚ್ಚಿದಳು. ಒದ್ದೆಯಾಗಿ ಬಿಗಿದಿತ್ತು, ಹಲ್ಲಿನಿಂದ ಎಳೆದಳು. ಫ್ಯೂಜನ್ನು ಅಂಗೈಯಲ್ಲಿಟ್ಟುಕೊಂಡು ಆಚೆ ಈಚೆ ತಿರುಗಿಸಿ ನೋಡಿದಳು.

"ಮತ್ತ ಇದನ್ನ ಎದಕ್ಕ ಕೊಟ್ರಿ ನನಗ?" ಎಂದಳು.

ಫ್ಯೂಜನ್ನು ಮೆಟ್ಟಿಲ ಮೇಲಿಟ್ಟು ಮನೆಯೊಳಗೆ ಹೋದಳು.

ಅವತ್ತೇ ಎಲ್ಲವನ್ನೂ ಕಿತ್ತೆ. ಗೋಡೆ ಒಡೆದು ಹೊಸ ಪೈಪು ಹಾಕಿ, ಫ್ಲೋಟಿನ ತಂತಿಯನ್ನು ಪಂಪಿನ ಫ್ಯೂಜಿನಿಂದಲೇ ಎಳೆದೆ. ಜಾಯಿಂಟಿಲ್ಲದ ಉದ್ದ ಕೇಬಲ್ಲಿನ ಹೊಸ ಫ್ಲೋಟು ಹಾಕಿದೆ. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬೀಳುವ ಬ್ರೇಕರು ಕೂರಿಸಿದೆ. ಮರುದಿನ ಬೀಗರು ಬಂದರು, ಜೇಜುರಿಗೆ ಹೋದೆವು, ಎಲ್ಲರೂ ಭಂಡಾರದ ಅರಿಶಿನದಲ್ಲಿ ಹಳದಿಯಾದೆವು. ಅವಳು ಯಾರ ಮುಂದೆಯೂ ಒಂದು ಮಾತು ಆಡಲಿಲ್ಲ. ಆಡಿ ನನ್ನ ಮಾನ ತೆಗೆದಿದ್ದರೆ ನನಗೆ ಹಗುರಾಗುತ್ತಿತ್ತು. ಇಡೀ ವರ್ಷ ಆ ಮಾತು ಮನೆಯಲ್ಲಿ ಏಳಲಿಲ್ಲ, ಆದರೆ ಮಿಕ್ಸರ್ ಹಚ್ಚುವ ಮುಂಚೆ ಅವಳು ಒಂದು ಗಳಿಗೆ ನಿಲ್ಲುವುದನ್ನು ನಾನು ನೋಡುತ್ತಿದ್ದೆ. ಮೊದಲು ಹಾಗೆ ನಿಲ್ಲುತ್ತಿರಲಿಲ್ಲ.

ಈ ವರ್ಷ ಮತ್ತೆ ಬೀಗರು ಬರುವ ಸುದ್ದಿ ಬಂತು. ಕೂಲಿಯವರನ್ನು ಕರೆಯುತ್ತೇನೆ ಎಂದೆ. "ಬ್ಯಾಡ, ನಾನ ತೊಳೀತೀನಿ" ಅಂದಳು. ಬೆಳಿಗ್ಗೆ ಎಲ್ಲಿಗೂ ಕೆಲಸಕ್ಕೆ ಹೋಗಲಿಲ್ಲ. ಫ್ಯೂಜು ಕಿತ್ತು ಅವಳ ಕಡೆ ಚಾಚಿದೆ. ತೆಗೆದುಕೊಳ್ಳಲಿಲ್ಲ.

"ನಿಮ್ಮ ಕಿಸೆದಾಗ ಇಟ್ಕೋರಿ. ಮೊದಲ ನೀವ ಇಳೀರಿ."

ಇಳಿದೆ. ಟಾಕಿಯ ಬಾಯಿಗೆ ನನ್ನ ಭುಜ ಉಜ್ಜಿತು. ತಳದ ನೀರು ಪಾದಕ್ಕೆ ತಣ್ಣಗೆ ತಗುಲಿತು. ಫ್ಲೋಟಿಗೆ ಟೆಸ್ಟರ್ ಹಚ್ಚಿ ನೋಡಿದೆ, ಹತ್ತಲಿಲ್ಲ. ಮೇಲೆ ಹತ್ತಿ ಹೋಗಿ ಮನೆಯ ಪ್ಲಗ್ಗಿನಲ್ಲಿ ಚುಚ್ಚಿದೆ, ಹತ್ತಿತು. ಮತ್ತೆ ಇಳಿದು ಮತ್ತೆ ನೋಡಿದೆ. ಮೇಲಿನ ಚೌಕ ಬೆಳಕಿನಲ್ಲಿ ಅವಳ ಮುಖ ಕಾಣುತ್ತಿತ್ತು.

"ಹಿಡೀರಿ," ಅಂದಳು.

ಆ ತಂತಿಯಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತು. ನಾನೇ ಎಳೆದದ್ದು, ನಾನೇ ಪರೀಕ್ಷೆ ಮಾಡಿದ್ದು. ಆದರೆ ಆ ಕೆಟ್ಟ ತಂತಿಯನ್ನೂ ನಾನೇ ಎಳೆದಿದ್ದೆ. ಕೈ ಮುಂದೆ ಹೋಗಲಿಲ್ಲ. ಬೆವರು ಕಣ್ಣಿಗಿಳಿಯಿತು. ಕಾಲು ನೀರಿನಲ್ಲಿ, ಬೆನ್ನು ಒದ್ದೆ ಗೋಡೆಗೆ, ಓಡಲು ಎಲ್ಲೂ ಜಾಗವಿಲ್ಲ. ಅವಳು ಇಲ್ಲಿ ಎರಡು ಸಲ ಹಿಡಿದಿದ್ದಳು, ಮೂರನೇ ಸಲಕ್ಕೂ ಕೈ ಚಾಚಿದ್ದಳು, ನನ್ನ ಮಾತಿನ ಮೇಲೆ.

ಕಣ್ಣು ಮುಚ್ಚಿ ಎರಡೂ ಕೈಯಿಂದ ಫ್ಲೋಟನ್ನು ಹಿಡಿದೆ.

"ಜುಮ್ ಅಂತೇನ್ರಿ?"

"ಇಲ್ಲ."

"ಹಂಗ ಹಿಡಕೊಂಡ ನಿಂದರ್ರಿ," ಎಂದು ಸೀರೆ ಎತ್ತಿ ಕಟ್ಟಿ, ಅವಳು ಏಣಿಯ ಮೇಲೆ ಕಾಲಿಟ್ಟಳು.